ಗುಳ್ಳ ಮಟ್ಟಿನದ್ದೇ ಆಗಲಿ

ಮಳೆಗಾಲದ ಭತ್ತ ಕೊಯ್ದ ಮೇಲೆ ನಟ್ಟ ಗುಳ್ಳ ಉಡುಪಿ ಪೇಟೆಗೆ ಬರುವವರೆಗೆ ನಾನು ಬೇರೆ ಬದನೆ ಕೊಳ್ಳುವುದಿಲ್ಲ. ಹಟ ಎನ್ನಿ, ನಾಲಗೆಯ ಚಪಲ ಎನ್ನಿ. ತಿಳಿ ಹಸಿರು ಮೈ, ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು, ಹೋಳು ಕೊದ್ದೆಲೆಂಬ ಹುಳಿಯಲ್ಲಿ ಬೆಣ್ಣೆಯಾಗುತ್ತದೆ. ಕಡಲು, ಹೊಳೆಗಳ ನಡುವಿನ ಮಟ್ಟು ಗ್ರಾಮದ ಮಣ್ಣಿನ ಗುಣವಿದು. ಬೀಜ ಯತಿ ವಾದಿರಾಜರು ಕೊಟ್ಟದ್ದೆಂಬ ನಂಬಿಕೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಗದ್ದೆಯಿಂದ ಪೇಟೆಗೆ 15 ಕಿ.ಮೀ. ಕೂಡ ಇಲ್ಲ. ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನದ ಊಟಕ್ಕೆ ಸಿಗುತ್ತದೆ. ದೂರದ ತರಕಾರಿ ಮಂಡಿ, ದಲ್ಲಾಳಿ, ಲಾರಿ ದಾಟಿ ಬರಬೇಕು; ಕೈ ಬದಲಾದಷ್ಟೂ ಬೆಳೆದವರ ಪಾಲು ಸಣ್ಣದಾಗುತ್ತದೆ. ಹರಿವೆ, ಬಸಳೆಯಂಥ ಸೊಪ್ಪಿನಲ್ಲಂತೂ ಸಿ ಜೀವಸತ್ವ ಕೊಯ್ದ ಹೊತ್ತಿನಿಂದಲೇ ಇಳಿಯತೊಡಗುತ್ತದೆ.

ಊರಿನದ್ದೆಂದ ಮಾತ್ರಕ್ಕೆ ಔಷಧಿ ಹೊಡೆದಿಲ್ಲ ಎಂದೇನಿಲ್ಲ. ಗುಳ್ಳಕ್ಕೂ ಕಾಯಿಕೊರಕ ಹುಳ ಬೀಳುತ್ತದೆ. ಆದರೆ ಏನು ಹೊಡೆದಿರಿ, ಯಾವಾಗ ಹೊಡೆದಿರಿ ಎಂದು ಬೆಳೆದವರನ್ನೇ ಕೇಳಬಹುದು. ನಾನು ಕೇಳುತ್ತೇನೆ.

ಗುಳ್ಳದ ಹೆಸರಿನಲ್ಲಿ ಬೇರೆ ಬದನೆಯೂ ಮಾರಾಟವಾಗುತ್ತದೆ. ಬೆಳೆಗಾರರ ಸಂಘದ ಚೀಟಿ ಅಂಟಿದೆಯೇ ನೋಡಿ ಕೊಳ್ಳಿ. ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ.