ಯೂಸುಫ್ ಅರಕ್ಕಲ್: ತಗಡು ಪಳಗಿಸಿದ ಕೈ

ಹಾಸನ ಜಿಲ್ಲೆಯ ಮಲ್ಲಿಪಟ್ಟಣ, ಅರಕಲಗೂಡು ಕಡೆಯ ಹಳೆಯ ಮನೆಗಳಲ್ಲಿ ದೇವರ ಗೂಡಿನ ಮೇಲೆ ತೂಗುಹಾಕಿದ ಲಕ್ಷ್ಮಿ, ಸರಸ್ವತಿಯರ ಪಟಗಳನ್ನು ನೋಡಿ. ಬಹುಪಾಲು ಚಿತ್ರಕಾರ ರಾಜಾ ರವಿವರ್ಮರ ಚಿತ್ರಗಳ ಅಚ್ಚು, ಇಲ್ಲವೇ ಅವುಗಳ ಅನುಕರಣೆ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವರ ಮುದ್ರಣಾಲಯ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಬಳಸಿ ದೇವರುಗಳನ್ನು ಬಡವರ ಗೋಡೆಗೂ ತಲುಪಿಸಿತು. ಅದು ದೊಡ್ಡ ಉಪಕಾರವೇ. ಆದರೆ ಅಚ್ಚಾದ ಚಿತ್ರವೆಂದರೆ ನಕಲು, ಅಗ್ಗದ್ದು ಎಂಬ ಎಣಿಕೆಯೂ ಅದರ ಜೊತೆಗೇ ಬೇರೂರಿತು. ಮುದ್ರಣ ಕಲಾವಿದ ಎಂದರೆ ಲಗ್ನಪತ್ರಿಕೆ ಮಾಡಿಕೊಡುವ ಪ್ರೆಸ್ಸಿನವನು ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಆದರೆ ಕಲಾವಿದ ಸ್ವತಃ ಲೋಹದ ತಗಡಿನ ಮೇಲೆ ಕೆಲಸ ಮಾಡಿ ತೆಗೆದ ಅಚ್ಚು ಯಾವುದರ ನಕಲೂ ಅಲ್ಲ; ಅಷ್ಟೇ ಅಲ್ಲ, ಆ ಕೆಲಸ ಕಲಿಸುವ ಶಿಸ್ತು ಬೇರೆ ಮಾಧ್ಯಮಗಳಿಗೂ ಬೆನ್ನೆಲುಬಾಗಬಲ್ಲದು. ಬೆಂಗಳೂರಿನ ಯೂಸುಫ್ ಅರಕ್ಕಲ್ ಅವರ ಬದುಕು, ಕೃತಿಗಳು ಇದಕ್ಕೆ ನಮ್ಮಲ್ಲಿರುವ ಗಟ್ಟಿ ಸಾಕ್ಷಿ.

ಅರಕ್ಕಲ್ ಹುಟ್ಟಿದ್ದು 1945ರಲ್ಲಿ, ಕೇರಳದ ಚಾವಕ್ಕಾಡಿನಲ್ಲಿ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹದಿಹರೆಯದಲ್ಲಿ ಊರು ಬಿಟ್ಟು ಬೆಂಗಳೂರಿಗೆ ಬಂದರು. ಹೊಟ್ಟೆಪಾಡಿಗೆ ಎಚ್‌ಎಎಲ್ ಕಾರ್ಖಾನೆಯ ಕೆಲಸ ಸಿಕ್ಕಿತು. ಕಲೆಗೆ ಕರ್ನಾಟಕ ಚಿತ್ರಕಲಾ ಪರಿಷತ್ತು. ಅಲ್ಲಿ 1973ರಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ದೆಹಲಿಯ ಗಢಿ ಸ್ಟುಡಿಯೊದಲ್ಲಿ ಮುದ್ರಣ ಕಲೆಯನ್ನು ಅಭ್ಯಾಸ ಮಾಡಿದರು. 1983ರಲ್ಲಿ ರಾಷ್ಟ್ರೀಯ ಪ್ರಶಸ್ತಿ, 2005ರಲ್ಲಿ ಫ್ಲಾರೆನ್ಸ್ ಬಿನಾಲೆಯ ಚಿನ್ನದ ಪದಕ ಬಂದವು. ರವಿವರ್ಮರ ಹೆಸರಿನಲ್ಲೇ ಇರುವ ಕೇರಳದ ಪುರಸ್ಕಾರವೂ ಸಂದಿತು. ಎಚ್ಚಿಂಗ್, ತೈಲವರ್ಣ, ಕಂಚು, ಉಕ್ಕು, ಗ್ರಾನೈಟ್, ಭಿತ್ತಿಚಿತ್ರ ಎಲ್ಲವನ್ನೂ ಮುಟ್ಟಿದ ಅವರು 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಎಚ್ಚಿಂಗ್ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದರೆ ಉಳಿದದ್ದು ತಾನೇ ಬಿಡಿಸಿಕೊಳ್ಳುತ್ತದೆ. ಸತು ಅಥವಾ ತಾಮ್ರದ ತಗಡಿಗೆ ಮೇಣ ಬೆರೆತ ಲೇಪ ಹಚ್ಚುತ್ತಾರೆ. ಸೂಜಿಯಿಂದ ಗೀರಿ, ತಗಡನ್ನು ಆಮ್ಲದಲ್ಲಿ ಮುಳುಗಿಸುತ್ತಾರೆ. ಗೀರಿದಲ್ಲಿ ಮಾತ್ರ ಲೋಹ ಕರಗುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳವಾಗಿ, ಅಚ್ಚಿನಲ್ಲಿ ಕಪ್ಪು ಗಾಢವಾಗುತ್ತದೆ. ಲೇಪ ಒರೆಸಿ, ಶಾಯಿ ತಿಕ್ಕಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದಾಗ ಶಾಯಿ ಗೆರೆಯ ಕುಳಿಗಳಲ್ಲಷ್ಟೇ ನಿಲ್ಲುತ್ತದೆ. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಉರುಳೆಯ ಕೆಳಗೆ ಹಾಯಿಸಿದರೆ ಚಿತ್ರ ಎಡಬಲ ತಿರುವುಮುರುವಾಗಿ ಮೂಡುತ್ತದೆ. ಇಲ್ಲಿ ಕಲಾವಿದ ಬಣ್ಣ ಬಳಿಯುವುದಕ್ಕಿಂತ ಹೆಚ್ಚಾಗಿ ಕೆರೆಯುತ್ತಾನೆ, ಒರೆಸುತ್ತಾನೆ, ಕಾಯುತ್ತಾನೆ. ಈಗ ಅರಕ್ಕಲ್ ಅವರ ಕ್ಯಾನ್ವಾಸುಗಳನ್ನು ನೋಡಿ: ಬೂದು, ಕಂದುಗಳ ಸವೆದ ಗೋಡೆಯಂಥ ಹಿನ್ನೆಲೆ, ಅದರೊಳಗಿಂದ ಅರ್ಧ ಅಳಿಸಿಹೋದಂತೆ ಕಾಣುವ, ಕುಳಿತ ಒಂಟಿ ಮನುಷ್ಯ. ಬೀದಿಬದಿಯವರ ಆ ಮೈಗಳು ಮೇಲ್ಮೈಯ ಮೇಲೆ ಇಟ್ಟಂತಿಲ್ಲ, ಅದನ್ನು ಕೆರೆದು ತೆಗೆದಂತಿವೆ. ನನ್ನ ಕಣ್ಣಿಗೆ ಇದು ಕುಂಚಕ್ಕಿಂತ ಸೂಜಿಯ ಬುದ್ಧಿ.

ಇದಕ್ಕೆ ಆಕ್ಷೇಪ ಬರುತ್ತದೆ, ಬರಬೇಕಾದ್ದೇ. ಅವರು ಮೊದಲು ಕಲಿತದ್ದು ಚಿತ್ರಕಲೆ, ಅಚ್ಚು ಆಮೇಲೆ; ಇನ್ನು ಲೋಹದ ಸಲುಗೆ ಎಚ್‌ಎಎಲ್‌ನಿಂದಲೂ ಬಂದಿರಬಹುದಲ್ಲ? ಬಂದಿರಬಹುದು. ಆದರೆ ಕಾರ್ಖಾನೆಗೆ ಬೇಕಾದದ್ದು ಒಂದು ಗೀರೂ ಇಲ್ಲದ ತಗಡು. ಗೀರೇ ಮಾತಾಗುವುದು ಎಚ್ಚಿಂಗ್‌ನಲ್ಲಿ. ಹತ್ತು ಕಡೆ ಕೈಯಾಡಿಸಿದವನು ಒಂದರಲ್ಲೂ ಪಳಗುವುದಿಲ್ಲ ಎಂಬ ಮಾತು ಇನ್ನೂ ಹಳೆಯದು. ಇದಕ್ಕೆ ಉತ್ತರ ಹುಡುಕಲು ಹಾಸನದವರು ಬೆಂಗಳೂರಿಗೆ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇಗುಲವಿದೆ. ಅಲ್ಲಿ ಬಳಪದ ಕಲ್ಲಿನಲ್ಲಿ ಕಡೆದ ಒಡವೆಗಳಲ್ಲಿ ದಂತ, ಗಂಧದ ಮರದ ಕೆತ್ತನೆಯ ನಾಜೂಕಿದೆ. ಒಂದು ಮಾಧ್ಯಮದ ಕುಸುರಿ ಇನ್ನೊಂದಕ್ಕೆ ಹರಿದದ್ದರಿಂದ ಹೊಯ್ಸಳ ಶಿಲ್ಪ ಕೆಡಲಿಲ್ಲ, ಗೆದ್ದಿತು. ಅಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ, ಬೈಚೋಜರು ತಮ್ಮ ಹೆಸರನ್ನೂ ಕೆತ್ತಿಟ್ಟರು.

ಹೆಸರಿನ ಮಾತು ಅಚ್ಚಿಗೂ ಸಲ್ಲುತ್ತದೆ. ಒಂದೇ ತಗಡಿನಿಂದ ಇಪ್ಪತ್ತೈದು ಪ್ರತಿ ತೆಗೆದರೆ ಅಸಲಿ ಯಾವುದು ಎಂದು ಕೇಳುವವರಿದ್ದಾರೆ. ಇಪ್ಪತ್ತೈದೂ ಅಸಲಿಯೇ. ಕಲಾವಿದ ಎಷ್ಟು ಪ್ರತಿ ಎಂದು ಮೊದಲೇ ನಿಗದಿ ಮಾಡಿ, ಪ್ರತಿಯೊಂದರ ಕೆಳಗೆ ಪೆನ್ಸಿಲಿನಲ್ಲಿ 5/25 ಎಂಬಂತೆ ಸಂಖ್ಯೆ ಹಾಕಿ ಸಹಿ ಮಾಡುತ್ತಾನೆ. ಪ್ರತಿಗಳು ಹಲವಾದ್ದರಿಂದ ಬೆಲೆಯೂ ಸಾಮಾನ್ಯವಾಗಿ ಅದೇ ಕಲಾವಿದನ ಕ್ಯಾನ್ವಾಸಿಗಿಂತ ಕಡಿಮೆ. ಸಂಬಳದ ಮೇಲೆ ಬದುಕುವವರು ಮನೆಗೆ ಒಂದು ಅಸಲಿ ಕೃತಿ ತರಬಹುದಾದ ದಾರಿ ಇದು. ನಮ್ಮ ಶಾಲೆಗಳ ಚಿತ್ರಕಲಾ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಚೆನ್ನ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದರೆ ಅಚ್ಚಿನ ಚಿತ್ರಗಳ ಮುಂದೆ ಒಂದು ಗಳಿಗೆ ನಿಲ್ಲಿ. ಕೊಳ್ಳುವ ಮುನ್ನ ಕೆಳಗಿನ ಸಂಖ್ಯೆ, ಸಹಿ ನೋಡಿ, ತಗಡಿನ ಮೇಲೆ ಕೆಲಸ ಮಾಡಿದವರು ಯಾರು ಎಂದು ಕೇಳಿ.