ಮಕ್ಕಳ ವಿದ್ಯಾರ್ಥಿವೇತನವೂ ನಮ್ಮ ವಿಳಾಸವೂ

ಪರೀಕ್ಷೆಯ ಫಲಿತಾಂಶ ಬಂದೊಡನೆ ಸಂಘದ ಕಚೇರಿಗೆ ಬಂದು, "ನಮ್ಮ ಹುಡುಗನಿಗೆ ಎಲ್ಲಾದರೂ ವಿದ್ಯಾರ್ಥಿವೇತನ ಸಿಕ್ಕೀತೇ?" ಎಂದು ಕೇಳುವ ತಂದೆತಾಯಂದಿರು ಪ್ರತಿ ವರ್ಷವೂ ಇದ್ದಾರೆ. ಸಿಕ್ಕೀತು. ಆದರೆ ಆ ಪ್ರಶ್ನೆಯನ್ನು ಒಂದು ವರ್ಷ ಮೊದಲೇ ಕೇಳಬೇಕು. ಸರಕಾರಿ ಕಚೇರಿಯ ಗುಮಾಸ್ತನಾಗಿ ದಿನವಿಡೀ ಕಾಗದಪತ್ರಗಳ ನಡುವೆ ಇರುವವನು ನಾನು. ಆದರೂ ಈ ಮಾತನ್ನು ಕಲಿತದ್ದು ಕಚೇರಿಯಲ್ಲಲ್ಲ, ಮನೆಯಲ್ಲಿ.

2009ರಲ್ಲಿ ನಾನು ಹನ್ನೆರಡನೆಯ ತರಗತಿ ಮುಗಿಸಿದೆ. ಕಾಲೇಜಿನ ಸೂಚನಾಫಲಕದಲ್ಲಿ ಒಂದು ವಿದ್ಯಾರ್ಥಿವೇತನದ ಪ್ರಕಟಣೆ ಇತ್ತು. ಅಂಕಗಳು ಸಾಕಷ್ಟಿದ್ದವು, ಮಹಾರಾಷ್ಟ್ರದ ನಿವಾಸಿಯೆಂಬ ಪ್ರಮಾಣಪತ್ರ ಮಾತ್ರ ಬೇಕಾಗಿತ್ತು. ಅಪ್ಪ ಡೊಂಬಿವಲಿಯಲ್ಲಿದ್ದು, ಹೋಟೆಲಿನ ಗಲ್ಲಾದಲ್ಲಿ ಕುಳಿತು 20 ವರ್ಷ ಕಳೆದಿದ್ದರು. ಆ 20 ವರ್ಷ ಯಾವ ಕಾಗದದಲ್ಲಿಯೂ ಕಾಣುತ್ತಿರಲಿಲ್ಲ! ರೇಷನ್ ಕಾರ್ಡು ಊರಿನಲ್ಲಿ, ಅಜ್ಜನ ಹೆಸರಿನಲ್ಲಿ. ವಿದ್ಯುತ್ ಬಿಲ್ಲು ಮನೆ ಮಾಲೀಕರ ಹೆಸರಿನಲ್ಲಿ. "ಎಷ್ಟಾದರೂ ನಾವು ಊರಿಗೆ ಹಿಂದಿರುಗುವವರು" ಎಂಬುದು ಅಪ್ಪನ ಮಾತು. ಎರಡು ದಿನ ರಜೆ ಹಾಕಿ ಸರದಿಯಲ್ಲಿ ನಿಂತರು. ಅಷ್ಟರಲ್ಲಿ ಕೊನೆಯ ದಿನಾಂಕ ದಾಟಿತು. ವಿಜ್ಞಾನ ಓದುವ ಆಸೆ ಬಿಟ್ಟು, ಬೆಳಗಿನ ಕಾಲೇಜಿನಲ್ಲಿ ಬಿ.ಎ. ಓದುತ್ತ, ಹಗಲು ಅಂಗಡಿಯಲ್ಲಿ ಲೆಕ್ಕ ಬರೆದೆ. ಅಪ್ಪ ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ.

ಆದುದರಿಂದ ಮೊದಲು ಕಾಗದ, ಅನಂತರ ಅರ್ಜಿ. ನಿವಾಸದ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷ ಈ ರಾಜ್ಯದಲ್ಲಿ ನೆಲೆಸಿದ ಆಧಾರ ತೋರಿಸಬೇಕು. ಮಕ್ಕಳ ಶಾಲೆಯ ದಾಖಲೆ, ಬಾಡಿಗೆ ರಸೀದಿ, ವಿದ್ಯುತ್ ಬಿಲ್ಲು ಇವನ್ನು ರದ್ದಿಗೆ ಹಾಕಬೇಡಿ. ತಹಸೀಲ್ದಾರರಿಂದ ವರಮಾನದ ಪ್ರಮಾಣಪತ್ರ ಪಡೆಯಿರಿ. ಇಲ್ಲಿ ಅಡ್ಡಹೆಸರು ಮೊದಲು, ತಂದೆಯ ಹೆಸರು ಕೊನೆಗೆ. ನಮ್ಮವರಲ್ಲಿ ಇನಿಶಿಯಲ್ ರೂಢಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ತಿದ್ದಿಸಿರಿ. ಹಣ ನೇರವಾಗಿ ಬ್ಯಾಂಕಿಗೆ ಬರುವುದರಿಂದ, ವಿದ್ಯಾರ್ಥಿಯ ಹೆಸರಿನ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು.

ಇನ್ನು ಎಲ್ಲಿ ಹುಡುಕಬೇಕು? ರಾಜ್ಯದ ಹೆಚ್ಚಿನ ಯೋಜನೆಗಳು ಮಹಾಡಿಬಿಟಿ ಜಾಲತಾಣದಲ್ಲಿವೆ. ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗಳೊಳಗಿನ ಕುಟುಂಬಗಳಿಗೆ ಶಾಹೂ ಮಹಾರಾಜರ ಹೆಸರಿನ ಶಿಕ್ಷಣ ಶುಲ್ಕ ಯೋಜನೆ ಅಲ್ಲಿಯೇ ಇದೆ. ಅದಕ್ಕೆ ಈ ರಾಜ್ಯದ ನಿವಾಸಿಯಾಗಿರಬೇಕು. ಕೇಂದ್ರ ಸರಕಾರದ ಕಾಲೇಜು ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣವಿದೆ. ಅಲ್ಲಿ ವರಮಾನದ ಮಿತಿ 4.5 ಲಕ್ಷ, ಪದವಿ ತರಗತಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಇದಕ್ಕೆ ಬೇಕಾದುದು 80ನೆಯ ಪರ್ಸೆಂಟೈಲ್, ಶೇಕಡಾ 80 ಅಂಕಗಳಲ್ಲ. ಎಂದರೆ ಬೋರ್ಡಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ನೂರು ಮಂದಿಯಲ್ಲಿ ಮೊದಲ ಇಪ್ಪತ್ತರೊಳಗೆ ಇದ್ದರೆ ಅರ್ಜಿ ಹಾಕಬಹುದು. ಈ ವ್ಯತ್ಯಾಸ ತಿಳಿಯದೆ ಅರ್ಜಿಯನ್ನೇ ಹಾಕದವರಿದ್ದಾರೆ. ಪ್ರತಿ ವರ್ಷ ನವೀಕರಿಸಲು ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕೆಂಬುದೂ ನೆನಪಿರಲಿ.

ಇವುಗಳ ಜೊತೆಗೆ ಕಾಲೇಜಿನ ದತ್ತಿ ನಿಧಿ, ತಂದೆ ದುಡಿಯುವಲ್ಲಿನ ಕಲ್ಯಾಣ ನಿಧಿ, ಊರಿನವರ ಸಂಘ ಇವನ್ನೂ ವಿಚಾರಿಸಬೇಕು. ಇವುಗಳಿಗೆ ಪೈಪೋಟಿ ಕಡಿಮೆ, ಕೇಳುವವರೂ ಕಡಿಮೆ. ಕಾಲೇಜಿನ ಕಚೇರಿಯ ಗುಮಾಸ್ತರನ್ನು ಸೌಜನ್ಯದಿಂದ ಕೇಳಿದರೆ ಹೇಳುತ್ತಾರೆ. ಅರ್ಜಿಯನ್ನು ಕಾಲೇಜು ಪರಿಶೀಲಿಸಿ ಮುಂದೆ ಕಳುಹಿಸಬೇಕಾದುದರಿಂದ, ಕೊನೆಯ ವಾರಕ್ಕೆ ಉಳಿಸಬೇಡಿ. ಸಲ್ಲಿಸಿದ ಮೇಲೆ ಅದು ಎಲ್ಲಿಗೆ ಮುಟ್ಟಿತೆಂದು ನೋಡುತ್ತಿರಿ.

ಪಕ್ಕದ ಮನೆಯ ಅಕ್ಕನ ಮಗ ಹನ್ನೊಂದನೆಯ ತರಗತಿಯಲ್ಲಿದ್ದಾಗಲೇ ಇಬ್ಬರೂ ಕುಳಿತು ಒಂದು ಕಡತ ಮಾಡಿದೆವು. ಅವರು ಹಳೆಯ ಟ್ರಂಕಿನಿಂದ ಮಗನ ಬಾಲವಾಡಿಯ ಶುಲ್ಕದ ಚೀಟಿಯನ್ನೂ ತೆಗೆದುಕೊಟ್ಟರು! ಈಗ ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ. ಬೋಧನಾ ಶುಲ್ಕದ ಅರ್ಧ ಭಾರ ಇಳಿದಿದೆ. ಉಳಿದರ್ಧಕ್ಕೆ ಅವರಿನ್ನೂ ಹಪ್ಪಳ ಮಾಡಿ ಮಾರುತ್ತಾರೆ. ಆದರೆ ಹುಡುಗ ಓದು ಬಿಡಲಿಲ್ಲ.

ಊರಿನ ಮನೆ, ಊರಿನ ಜಾತ್ರೆ, ಊರಿನ ನಂಟು ಯಾವುದನ್ನೂ ಬಿಡಬೇಕಾಗಿಲ್ಲ. ಆದರೆ ಮಕ್ಕಳು ಕಲಿಯುವುದು ಇಲ್ಲಿ. ಅವರ ಸಲುವಾಗಿಯಾದರೂ ನಾವು ಇಲ್ಲಿಯೂ ಇದ್ದೇವೆಂಬುದಕ್ಕೆ ಒಂದು ಕಾಗದ ಇರಲಿ.