ಎಂಸಿಬಿ ಕಾಯುವುದು ಯಾರನ್ನು?

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ ಈಗ ಅರ್ಧ ಹೊಲ, ಅರ್ಧ ಕಾರ್ಖಾನೆ. ಶಿವಗಂಗೆ ಬೆಟ್ಟದ ಯಾತ್ರಿಕರು ಇಳಿಯುವ ದಾಬಸ್‌ಪೇಟೆಯ ಆಸುಪಾಸಿನಲ್ಲೇ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಸಾಲುಗಟ್ಟಿವೆ. ಇಂಥ ಜಾಗಗಳಿಗೆ ಯಂತ್ರ, ಬಿಡಿಭಾಗ ಹೊತ್ತು ಬರುವ ಪೈನ್ ಮರದ ಪ್ಯಾಲೆಟ್ಟುಗಳು ಕೆಲಸ ಮುಗಿದ ಮೇಲೆ ಗುಜರಿ ಸೇರುತ್ತವೆ. ರಜೆಯ ದಿನ ಗರಗಸ ಹಿಡಿಯುವ ಆಸೆಯಿರುವ ಅಪ್ಪ ಅಮ್ಮಂದಿರಿಗೆ ಇದು ಅಗ್ಗದ ಮರ. ಮಗುವಿಗೆ ಓದಲು ಒಂದು ಮೇಜು, ಮೇಜಿಗೊಂದು ದೀಪ, ಪಕ್ಕಕ್ಕೊಂದು ಪ್ಲಗ್ ಬೋರ್ಡು ಎನ್ನುವಷ್ಟರಲ್ಲಿ ಮರವೂ ಕರೆಂಟೂ ಒಂದೇ ಕಡೆ ಸೇರಿರುತ್ತವೆ. ಅವುಗಳ ಜೊತೆ ಕೆಲವು ನಂಬಿಕೆಗಳೂ ಬರುತ್ತವೆ. ಎಂಸಿಬಿ ಇದ್ದರೆ ಷಾಕ್ ಹೊಡೆಯುವುದಿಲ್ಲ, ಮರದಲ್ಲಿ ಕರೆಂಟು ಹರಿಯುವುದಿಲ್ಲ, ಬ್ಯಾಟರಿಯಿಂದ ಅಪಾಯವಿಲ್ಲ, ಮುದ್ರೆ ಬಿದ್ದ ಮರ ಒಳ್ಳೆಯ ಮರ. ಇವೆಲ್ಲ ಬರೀ ಸುಳ್ಳಾಗಿದ್ದರೆ ತಿದ್ದುವುದು ಸುಲಭವಿತ್ತು. ಒಂದೊಂದರಲ್ಲೂ ಒಂದಿಷ್ಟು ನಿಜ ಇದೆ, ರಕ್ಷಣೆ ಇರುವುದೂ ಹೌದು. ಆದರೆ ಒಬ್ಬರಿಗಾಗಿ ಮಾಡಿದ ರಕ್ಷಣೆಯನ್ನು ನಾವು ಇನ್ನೊಬ್ಬರ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದೇವೆ.

ಎಂಸಿಬಿಯಿಂದಲೇ ಶುರುಮಾಡೋಣ. ಪಿಂಗಾಣಿ ಫ್ಯೂಸಿಗೆ ತಂತಿ ಸುತ್ತುವ ಕಾಲ ಹೋಗಿ ಹಳ್ಳಿ ಮನೆಗಳಿಗೂ ಎಂಸಿಬಿ ಬಂದಿದೆ. ದೀಪದ ಸಾಲಿಗೆ ಸಾಮಾನ್ಯವಾಗಿ 6 ಆಂಪಿಯರ್‌ನದ್ದನ್ನು ಹಾಕುತ್ತಾರೆ. ಈಗ ಲೆಕ್ಕ ನೋಡಿ. ನಮ್ಮ ಮನೆಯ ಕರೆಂಟು 230 ವೋಲ್ಟ್. ಬೆವರಿದ ಕೈಯಿಂದ ಬರಿಗಾಲಿನವರೆಗೆ ದೇಹದ ತಡೆ ಸುಮಾರು ಸಾವಿರ ಓಮ್ ಎಂದುಕೊಂಡರೆ ಹರಿಯುವುದು ಕಾಲು ಆಂಪಿಯರ್‌ಗಿಂತಲೂ ಕಡಿಮೆ, ಅಂದರೆ 230 ಮಿಲಿಆಂಪಿಯರ್. ಹಿಡಿದ ತಂತಿಯನ್ನು ಬಿಡಲಾಗದಂತೆ ಸ್ನಾಯುಗಳು ಬಿಗಿಯಲು 10 ಮಿಲಿಆಂಪಿಯರ್ ಆಸುಪಾಸು ಸಾಕು. 30 ದಾಟಿ ಕೆಲಹೊತ್ತು ಹರಿದರೆ ಹೃದಯದ ಬಡಿತ ದಿಕ್ಕು ತಪ್ಪುವ ಅಪಾಯ ಶುರುವಾಗುತ್ತದೆ. ಎಂಸಿಬಿಗೆ ಇದೆಲ್ಲ ಗಮನಕ್ಕೇ ಬರುವುದಿಲ್ಲ. 6 ಆಂಪಿಯರ್ ಎಂದರೆ 30 ಮಿಲಿಆಂಪಿಯರ್‌ನ ಇನ್ನೂರು ಪಟ್ಟು. ಅಷ್ಟೇಕೆ, ಅದರ ಮಾನದಂಡದ ಪ್ರಕಾರ ಒಂದೂವರೆ ಪಟ್ಟಿಗೆ ಸಮೀಪದ ಹೊರೆ ಬಿದ್ದರೂ ಕೆಳಗೆ ಬೀಳಲು ಅದಕ್ಕೆ ಒಂದು ಗಂಟೆಯವರೆಗೆ ಅವಕಾಶವಿದೆ. ಇದು ಸಾಧನದ ದೋಷವಲ್ಲ. ಎಂಸಿಬಿ ಹುಟ್ಟಿದ್ದೇ ಗೋಡೆಯೊಳಗಿನ ತಂತಿ ಕಾದು ಬೆಂಕಿ ಹತ್ತದಿರಲಿ ಎಂದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಅದು ಕಾಯುವುದು ತಂತಿಯನ್ನು, ತಂತಿ ಮುಟ್ಟಿದವರನ್ನಲ್ಲ.

ಮನುಷ್ಯರಿಗಾಗಿ ಮಾಡಿದ ಸಾಧನ ಬೇರೆಯೇ ಇದೆ, ಅದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಪ್ರಮಾಣದಲ್ಲಿ ವಾಪಸು ಬಂತೇ ಎಂದು ಅದು ಸದಾ ತೂಗುತ್ತಿರುತ್ತದೆ. 30 ಮಿಲಿಆಂಪಿಯರ್‌ನಷ್ಟು ಬೇರೆ ದಾರಿಯಲ್ಲಿ ಸೋರಿತೆಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಸಾಲನ್ನೇ ಕಡಿದುಹಾಕುತ್ತದೆ. ಇದಕ್ಕೆ ಬರುವ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ಮಳೆ ಬಂದರೆ ಸಾಕು, ಬಿದ್ದು ಬಿದ್ದು ಕಾಟ ಕೊಡುತ್ತದೆ, ಅದಕ್ಕೇ ತೆಗೆಸಿಬಿಟ್ಟೆವು. ಮಳೆಗೆ ಬೀಳುವ ಆರ್‌ಸಿಸಿಬಿ ಹೇಳುತ್ತಿರುವುದು ಎಲ್ಲೋ ನೀರು ಸೇರಿದೆ ಎಂದು. ಹೊರಗಡೆಯ ದೀಪದ ಜೋಡಣೆಯಲ್ಲೋ, ಪಂಪಿನ ಕೇಬಲ್ಲಿನಲ್ಲೋ, ಹಳೆಯ ಗೀಸರಿನ ಕಾಯಿಲಿನಲ್ಲೋ ಸೋರಿಕೆ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಹುಡುಕುವ ಬದಲು ಸಾಧನವನ್ನೇ ತೆಗೆಸಿದರೆ ಸೋರಿಕೆ ಇದ್ದಲ್ಲೇ ಇರುತ್ತದೆ, ಮುಂದೆ ಅದನ್ನು ಪತ್ತೆ ಹಚ್ಚುವುದು ಯಾರದ್ದೋ ಕೈ. ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಿದ್ದಾರೆ ಎನ್ನುತ್ತವೆ ಸರ್ಕಾರದ ಅಪರಾಧ ದಾಖಲೆ ಬ್ಯೂರೊದ ವರದಿಗಳು. ಹಾಗೆಂದು ಆರ್‌ಸಿಸಿಬಿಯೂ ಸರ್ವರಕ್ಷಕನಲ್ಲ. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ ತಗುಲಿದರೆ ಹೋದಷ್ಟೇ ಕರೆಂಟು ವಾಪಸು ಬಂದಂತೆ ಅದಕ್ಕೆ ಕಾಣುತ್ತದೆ. ಎರಡು ತಂತಿಗಳ ನಡುವೆ ಇರುವುದು ಬಲ್ಬೋ ಎದೆಯೋ ಎಂಬುದು ಅದಕ್ಕೆ ತಿಳಿಯದು. ರಬ್ಬರ್ ಚಪ್ಪಲಿಯ ಭರವಸೆ ಸೋಲುವುದೂ ಇಲ್ಲೇ. ಚಪ್ಪಲಿ ಕಾಲಿನ ದಾರಿಯನ್ನು ಮುಚ್ಚಬಹುದು, ಕೈಯಿಂದ ಕೈಗಿರುವ ದಾರಿ ತೆರೆದೇ ಇರುತ್ತದೆ.

ಮರದಲ್ಲಿ ಕರೆಂಟು ಹರಿಯುವುದಿಲ್ಲ ಎಂಬ ಮಾತಿಗೆ ಬರೋಣ, ಏಕೆಂದರೆ ಹವ್ಯಾಸಿಗಳು ಹೆಚ್ಚು ನೆಚ್ಚುವುದು ಇದನ್ನೇ. ಇದರ ಹಿಂದೆ ಚರಿತ್ರೆಯ ಬಲವೂ ಇದೆ. ಬೆಂಗಳೂರಿನ ಬೀದಿದೀಪಗಳು 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಳಗಿದ ಮೇಲೆ ಮನೆಮನೆಗೆ ವಿದ್ಯುತ್ ಬಂದಾಗ ತೇಗದ ಪಟ್ಟಿಗಳ ಮೇಲೆಯೇ ವೈರ್ ಎಳೆಯುತ್ತಿದ್ದರು. ಸ್ವಿಚ್ ಬೋರ್ಡು ಮರದ್ದು, ಹೋಲ್ಡರ್ ಕೂರಿಸುವ ದುಂಡು ಬಿಲ್ಲೆಯೂ ಮರದ್ದು. ಅದು ಚೆನ್ನಾಗಿ ಒಣಗಿಸಿ ವಾರ್ನಿಷ್ ಹೊಡೆದ ತೇಗ ಎಂಬುದನ್ನು ಮರೆತು ಅದರ ಗುಣವನ್ನು ಎಲ್ಲ ಮರಗಳಿಗೂ ಹಚ್ಚಿದ್ದೇವೆ. ಮರ ಎಷ್ಟು ಕರೆಂಟು ಹರಿಸುತ್ತದೆ ಎಂಬುದನ್ನು ತೀರ್ಮಾನಿಸುವುದು ಅದರ ಜಾತಿಗಿಂತ ಹೆಚ್ಚಾಗಿ ಅದರ ತೇವ. ಪೂರ್ತಿ ಒಣಗಿದಾಗ ಒಳ್ಳೆಯ ಅವಾಹಕವಾಗಿರುವ ಅದೇ ಹಲಗೆ, ತೇವ ಶೇಕಡ 30ರ ಹತ್ತಿರ ಬಂದಾಗ ಅದಕ್ಕಿಂತ ಲಕ್ಷಾಂತರ ಪಟ್ಟು ಸುಲಭವಾಗಿ ಕರೆಂಟು ಹರಿಸುತ್ತದೆ. ಇದಕ್ಕೆ ಸಾಕ್ಷಿ ಮರಗೆಲಸದವರ ಬಳಿಯೇ ಇದೆ. ಎರಡು ಮುಳ್ಳುಗಳನ್ನು ಹಲಗೆಗೆ ಚುಚ್ಚಿ ತೇವ ಎಷ್ಟಿದೆ ಎಂದು ತೋರಿಸುವ ಪುಟ್ಟ ಮೀಟರ್ ಅಳೆಯುವುದು ಮುಳ್ಳುಗಳ ನಡುವಿನ ವಿದ್ಯುತ್ ತಡೆಯನ್ನೇ. ಮರದಲ್ಲಿ ಕರೆಂಟು ಹರಿಯುವುದೇ ಇಲ್ಲವಾಗಿದ್ದರೆ ಆ ಮೀಟರಿಗೆ ಕೆಲಸವೇ ಇರುತ್ತಿರಲಿಲ್ಲ. ಬೆಂಗಳೂರು ಗ್ರಾಮಾಂತರದಲ್ಲಿ ಕೈಗೆ ಸುಲಭವಾಗಿ ಸಿಗುವ ನೀಲಗಿರಿಯನ್ನೇ ತೆಗೆದುಕೊಳ್ಳಿ. ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದರೂ ಹಳೆಯ ತೋಪುಗಳಿನ್ನೂ ಇವೆ. ಮೊನ್ನೆ ಕಡಿದ ನೀಲಗಿರಿಯ ಹಸಿ ಹಲಗೆಯ ಮೇಲೆ ಪ್ಲಗ್ ಬೋರ್ಡು ಮಾಡಿದರೆ ಅದು ಒಣಗುತ್ತ ತಿರುಚಿಕೊಳ್ಳುವುದಂತೂ ಖಂಡಿತ, ಒಣಗುವತನಕ ಅವಾಹಕವಾಗಿಯೂ ಇರುವುದಿಲ್ಲ. ಒಣ ಮರಕ್ಕೂ ಇನ್ನೊಂದು ಮಿತಿಯಿದೆ: ಅದು ಉರಿಯುತ್ತದೆ. ಸಡಿಲವಾದ ಸ್ಕ್ರೂ ಕಾದು ಕಿಡಿ ಹಾರಿಸುವ ಜಾಗಕ್ಕೆ ಪ್ಲಾಸ್ಟಿಕ್ ಅಥವಾ ಲೋಹದ ಡಬ್ಬಿ ಇಟ್ಟು, ಅದರ ಸುತ್ತ ಅಂದಕ್ಕೆ ಬೇಕಾದಷ್ಟು ಮರ ಹಾಕಿಕೊಳ್ಳಬಹುದು. ಲೋಹದ ಡಬ್ಬಿಯಾದರೆ ಅದಕ್ಕೆ ಅರ್ಥ್ ಕೊಡಲೇಬೇಕು.

ಈ ನಂಬಿಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಮರದ ಮೇಲೆ ಮಿಂಚಿನ ಚಿತ್ತಾರ ಸುಡುವ ಹುಚ್ಚು ಒಂದು ಉದಾಹರಣೆ. ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ಹಲಗೆಗೆ ಉಪ್ಪುನೀರೋ ಸೋಡಾ ನೀರೋ ಸವರಿ, ಎರಡು ತುದಿಗೆ ತಂತಿ ಸಿಕ್ಕಿಸಿದರೆ ಬೇರು ಕವಲೊಡೆದಂತೆ ಕಪ್ಪು ಗೆರೆಗಳು ಮೂಡುತ್ತವೆ. ನೋಡಲು ಚಂದವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಟ್ರಾನ್ಸ್‌ಫಾರ್ಮರ್ ಕೊಡುವುದು ಸುಮಾರು 2,000 ವೋಲ್ಟ್. ಇದನ್ನು ಮನೆಯಲ್ಲಿ ಮಾಡಹೋಗಿ ವಿದೇಶಗಳಲ್ಲಿ ಹಲವರು ಸತ್ತಿದ್ದಾರೆ. ಅಮೆರಿಕದ ಮರಕಡೆತಗಾರರ ಸಂಘ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿದೆ. ನಮ್ಮ ಮನೆಯಲ್ಲಿ ಆರ್‌ಸಿಸಿಬಿ ಇದೆಯಲ್ಲ ಎಂಬ ವಾದ ಇಲ್ಲಿ ನಡೆಯದು. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಹರಿಯುವ ಕರೆಂಟು ಬೋರ್ಡಿನ ಸಾಧನದ ತಕ್ಕಡಿಗೆ ಬರುವುದೇ ಇಲ್ಲ, ಈಚೆ ಬದಿಯ ಫೇಸ್ ಮತ್ತು ನ್ಯೂಟ್ರಲ್ ಸರಿಸಮವಾಗಿಯೇ ಇರುತ್ತವೆ. ಈ ಕೆಲಸವನ್ನು ಎಚ್ಚರಿಕೆಯಿಂದ ಮಾಡಿ ಎಂದು ಹೇಳುವುದೂ ತಪ್ಪು. ಮಾಡಲೇಬಾರದು.

ಪ್ಯಾಲೆಟ್ ಮರದ ಬಗ್ಗೆ ಎರಡು ನಂಬಿಕೆಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಅದೆಲ್ಲ ವಿಷ ಹಾಕಿದ ಮರ ಎನ್ನುವವರಿದ್ದಾರೆ. ಗೋಧಿ ತೆನೆಯ ಮುದ್ರೆಯಿದ್ದರೆ ಸರ್ಕಾರವೇ ಪಾಸು ಮಾಡಿದ ಒಳ್ಳೆಯ ಮರ ಎನ್ನುವವರೂ ಇದ್ದಾರೆ. ಆ ಮುದ್ರೆ ಅಂತರರಾಷ್ಟ್ರೀಯ ಸಸ್ಯರಕ್ಷಣಾ ಒಪ್ಪಂದದ್ದು. ಒಂದು ದೇಶದ ಕೊರೆಹುಳು ಇನ್ನೊಂದು ದೇಶದ ಕಾಡು ಸೇರದಿರಲಿ ಎಂಬುದು ಅದರ ಉದ್ದೇಶ. ಮುದ್ರೆಯಲ್ಲಿ ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಕಾದಿದೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟಿದ್ದಾರೆ. ಹಾಗಾಗಿ ಎಲ್ಲ ಪ್ಯಾಲೆಟ್ಟುಗಳೂ ವಿಷವಲ್ಲ. ಮಕ್ಕಳ ಕೆಲಸಕ್ಕೆ ಎಚ್‌ಟಿ ಮುದ್ರೆಯದ್ದನ್ನಷ್ಟೇ ಆರಿಸಿಕೊಂಡರಾಯಿತು. ಆದರೆ ಅರ್ಧ ಗಂಟೆ ಕಾಯಿಸಿದರೆ ಹುಳು ಸಾಯುತ್ತದೆ, ಮರ ಒಣಗುವುದಿಲ್ಲ. ಎಚ್‌ಟಿ ಮುದ್ರೆ ನೋಡಿ ಹದವಾದ ಮರವೆಂದು ತಂದವರ ಮೇಜಿನ ಹಲಗೆಗಳ ನಡುವೆ ಬೇಸಿಗೆಯಲ್ಲಿ ಸಂದು ಬೀಳುವುದು ಇದರಿಂದಲೇ. ಮುದ್ರೆ ಹೇಳದ ಇನ್ನೊಂದು ವಿಷಯವೂ ಇದೆ, ಅದೇ ಹೆಚ್ಚು ಮುಖ್ಯ: ಆ ಪ್ಯಾಲೆಟ್ಟಿನ ಮೇಲೆ ಏನನ್ನು ಹೊತ್ತು ತಂದಿದ್ದರು, ಏನು ಚೆಲ್ಲಿತ್ತು. ಎಣ್ಣೆಯ ಕಲೆ, ಬಣ್ಣ, ಘಾಟು ಇದ್ದ ಹಲಗೆಯನ್ನು ಎಷ್ಟು ಕೀಸಿದರೂ ಮಗುವಿನ ಮೇಜಿಗೆ ಬಳಸಬಾರದು. ಕೀಸುವಾಗ, ಮರಳು ಕಾಗದ ಉಜ್ಜುವಾಗ ಏಳುವ ದೂಳನ್ನೂ ಹಗುರವಾಗಿ ನೋಡುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಷ್ಟು ಹಿಂದೆಯೇ ಮರದ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ವರ್ಷಗಟ್ಟಲೆ ದೂಳು ಕುಡಿಯುವ ಕಾರ್ಮಿಕರ ಅಪಾಯವೂ ಭಾನುವಾರದ ಬಡಗಿಯ ಅಪಾಯವೂ ಒಂದೇ ಅಲ್ಲ, ನಿಜ. ಆದರೂ ಮೂಗಿಗೆ ಕಟ್ಟಿದ ಟವೆಲ್ ತಡೆಯುವುದು ದಪ್ಪ ಹೊಟ್ಟನ್ನು, ನುಣ್ಣನೆಯ ದೂಳು ಅದನ್ನು ದಾಟುತ್ತದೆ. ಎನ್95 ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಉಜ್ಜುವುದು ಸರಿ.

ಬ್ಯಾಟರಿಯಾದರೆ ಮಕ್ಕಳ ಕೈಗೆ ಕೊಡಬಹುದು ಎಂಬ ಮಾತು ಷಾಕ್‌ನ ಮಟ್ಟಿಗೆ ಸರಿ. 12 ವೋಲ್ಟ್ ಒಣ ಚರ್ಮವನ್ನು ದಾಟಿ ಹೃದಯದ ತಂಟೆಗೆ ಹೋಗಲಾರದು. ಆದರೆ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಕಬ್ಬಿಣ ಕೆಂಪಗಾಗುತ್ತದೆ. ಅಲ್ಲಿ ಸುಡುವುದಕ್ಕೆ ಷಾಕ್ ಬೇಕಾಗಿಲ್ಲ. ಇನ್ನೂ ಸಣ್ಣದರಿಂದ ಇನ್ನೂ ದೊಡ್ಡ ಅಪಾಯವಿದೆ. ಮಿಣುಕು ದೀಪಕ್ಕೆ ಹಾಕುವ 3 ವೋಲ್ಟಿನ ಬಟನ್ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಯ ತೇವದಲ್ಲೇ ಕರೆಂಟು ಹರಿದು ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೆ ಅನ್ನನಾಳ ಸುಡಲು ಅದು ಸಾಕು. ಮಗು ನುಂಗಿದೆ ಎಂಬ ಅನುಮಾನ ಬಂದರೂ ತಡಮಾಡದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ಮನೆಯಲ್ಲಿ ಮಾಡುವ ಆಟಿಕೆಗೆ ಬಟನ್ ಸೆಲ್ ಬದಲು ಪೆನ್ಸಿಲ್ ಸೆಲ್ ಹಾಕಿ, ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಬಿಗಿಯಬಹುದು.

ಮಾರ್ಬಲ್ ಕಟರನ್ನು ತಲೆಕೆಳಗಾಗಿ ಪ್ಲೈವುಡ್‌ಗೆ ಬಿಗಿದು ಗರಗಸದ ಮೇಜು ಮಾಡಿಕೊಳ್ಳುವುದು ಈಗ ಎಲ್ಲೆಡೆ ಕಾಣುವ ಉಪಾಯ. ಅಂಗೈಯಷ್ಟಗಲದ ಬ್ಲೇಡು ಏನು ಮಾಡೀತು ಎನ್ನುತ್ತಾರೆ. 110 ಮಿಲಿಮೀಟರ್ ಬ್ಲೇಡು ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಆ ಯಂತ್ರದ ರಕ್ಷಾಕವಚ ರೂಪಿಸಿದ್ದು ಕಲ್ಲು ಕೊಯ್ಯುವವರ ಕೈಗಾಗಿ, ಯಂತ್ರ ನೆಟ್ಟಗಿರುವಾಗ. ತಲೆಕೆಳಗು ಮಾಡುವಾಗ ಮೊದಲು ಕಳಚುವುದು ಅದನ್ನೇ. ಕೈಗವಸು ಸಿಬಿರಿನಿಂದ ಕಾಯುತ್ತದೆ, ತಿರುಗುವ ಬ್ಲೇಡಿನ ಹತ್ತಿರ ಅದೇ ಸಿಕ್ಕಿಕೊಂಡು ಬೆರಳನ್ನೂ ಒಳಗೆಳೆಯುತ್ತದೆ. ಮಕ್ಕಳ ಜೊತೆ ಮಾಡುವ ಕೆಲಸಕ್ಕೆ ಕೈಗರಗಸ ಸಾಕು. ನಿಧಾನವಾಗುತ್ತದೆ ಎಂಬುದು ಅದರ ಮೇಲಿರುವ ಒಂದೇ ದೂರು.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಈ ಹವ್ಯಾಸವೇ ಬೇಡ, ಬಡಗಿಗೂ ವೈರ್‌ಮನ್‌ಗೂ ಬಿಟ್ಟುಬಿಡೋಣ ಎನ್ನಬಹುದು. ಅದೂ ತಪ್ಪು ತೀರ್ಮಾನವೇ. ಕಾನೂನೂ ಅಷ್ಟು ಕಟುವಾಗಿಲ್ಲ. ಹೊಸ ವೈರಿಂಗ್ ಎಳೆಯುವ ಕೆಲಸವನ್ನು ಪರವಾನಗಿ ಪಡೆದವರಿಗೇ ಮೀಸಲಿಡುವ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ದೀಪ, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವುದನ್ನು ಅದರಿಂದ ಹೊರಗಿಟ್ಟಿವೆ. ಹವ್ಯಾಸಿ ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು: 230 ವೋಲ್ಟಿನ ಭಾಗವನ್ನೆಲ್ಲ ಬಿಐಎಸ್ ನೋಂದಣಿ ಗುರುತಿನ ಸಿದ್ಧ ಅಡಾಪ್ಟರಿಗೆ ಬಿಟ್ಟು, ಅಲ್ಲಿಂದ ಈಚೆಯ 5 ವೋಲ್ಟಿನ ಎಲ್‌ಇಡಿ, ಸ್ವಿಚ್, ಮರದ ಚೌಕಟ್ಟು ಎಲ್ಲವನ್ನೂ ಮಗುವಿನ ಜೊತೆ ಕೂತು ಮಾಡಬಹುದು. ದೀಪ ಕಡಿಮೆ ಬೆಳಗುವುದಿಲ್ಲ, ಕಲಿಕೆಯೂ ಕಡಿಮೆಯಾಗುವುದಿಲ್ಲ.

ಇನ್ನು ಆರ್‌ಸಿಸಿಬಿ ಇರುವವರು ‘ಟಿ’ ಎಂದು ಬರೆದ ಗುಂಡಿಯನ್ನು ಕೆಲವು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಸಾಧನವನ್ನು ಬದಲಿಸಿ. ಬಿದ್ದರೆ ಸಾಧನ ಸರಿಯಿದೆ ಎಂದಷ್ಟೇ ತಿಳಿಯಿರಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಆ ಗುಂಡಿ ಹೇಳುವುದಿಲ್ಲ, ಅದಕ್ಕೆ ವೈರ್‌ಮನ್ ಮೀಟರ್ ತಂದು ಬೇರೆಯಾಗಿಯೇ ಅಳೆಯಬೇಕು.